ಒಂದು ಲ್ಯಾಪ್‌ಟಾಪ್, ಒಂದು ಕನೆಕ್ಷನ್, ಹಲವು ಸಾಧನಗಳು: ಹಾಟ್‌ಸ್ಪಾಟ್ ಒಳಗೆ ಏನೇನು ನಡೆಯುತ್ತದೆ?

ಕೋಣೆಗೆ ಬಂದಿರುವುದು ಒಂದೇ ಕೇಬಲ್. ಅದನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ್ದೀರಿ, ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿದೆ. ಪಕ್ಕದಲ್ಲಿರುವ ಫೋನಿಗೂ ಟ್ಯಾಬ್ಲೆಟ್‌ಗೂ ಆ ಕೇಬಲ್ ಸಿಕ್ಕಿಸಲು ಜಾಗವೇ ಇಲ್ಲ. ಅಥವಾ ಕನೆಕ್ಷನ್ ಬರುವುದು ಯುಎಸ್‌ಬಿ ಡಾಂಗಲ್‌ನಿಂದ, ಅದು ಕಂಪ್ಯೂಟರ್ ಬಿಟ್ಟರೆ ಬೇರೆಲ್ಲೂ ಕೆಲಸ ಮಾಡುವುದಿಲ್ಲ. ಇಲ್ಲವೇ, ನೀವಿರುವ ಕಡೆಯ ವೈ-ಫೈ ಒಬ್ಬರಿಗೆ ಒಂದೇ ಲಾಗಿನ್ ಕೊಟ್ಟಿದೆ. ಇಂಥ ಹೊತ್ತಿನಲ್ಲಿ ಬೇರೆ ರೌಟರ್ ಹುಡುಕಬೇಕಾಗಿಲ್ಲ. ವೈ-ಫೈ ಇರುವ ಕಂಪ್ಯೂಟರೇ ರೌಟರ್ ಆಗಬಲ್ಲದು.

ಸೆಟ್ಟಿಂಗ್ಸ್‌ನಲ್ಲಿ ಅದಕ್ಕೊಂದು ಸ್ವಿಚ್ ಇದೆ. ಒತ್ತಿದರೆ ಆಯಿತು ಎನ್ನುವಷ್ಟು ಸುಲಭ. ಆದರೆ ಕೆಲವೊಮ್ಮೆ ಆಗುವುದಿಲ್ಲ. ಫೋನಿನಲ್ಲಿ ಹಾಟ್‌ಸ್ಪಾಟ್ ಹೆಸರೇ ಕಾಣುವುದಿಲ್ಲ; ಕಂಡರೂ ಕನೆಕ್ಟ್ ಆಗುವುದಿಲ್ಲ; ಕನೆಕ್ಟ್ ಆದರೂ ‘ಇಂಟರ್ನೆಟ್ ಇಲ್ಲ’ ಎಂದು ತೋರಿಸುತ್ತದೆ. ಆಗ ಹೆಚ್ಚಿನವರು ಮಾಡುವುದು ಎರಡೂ ಕಡೆ ಆಫ್ ಮಾಡಿ ಆನ್ ಮಾಡುವುದು. ಅದರಿಂದ ಸರಿಹೋದರೆ ಒಳ್ಳೆಯದೇ, ಸರಿಹೋಗದಿದ್ದರೆ ಮುಂದೇನು ಎಂಬುದು ಗೊತ್ತಿರುವುದಿಲ್ಲ. ಅದಕ್ಕೆ ಕಾರಣ, ಸ್ವಿಚ್ ಒಂದೇ ಆದರೂ ಅದರ ಹಿಂದೆ ಶುರುವಾಗುವ ಕೆಲಸಗಳು ನಾಲ್ಕು. ರೇಡಿಯೋದಲ್ಲಿ ಜಾಲ ಕಟ್ಟುವುದು, ಬಂದವರಿಗೆಲ್ಲ ವಿಳಾಸ ಹಂಚುವುದು, ಅವರ ಮಾತನ್ನು ತನ್ನ ಹೆಸರಿನಲ್ಲಿ ಹೊರಗೆ ಕಳಿಸಿ ಉತ್ತರವನ್ನು ಸರಿಯಾದವರಿಗೆ ತಲುಪಿಸುವುದು, ವೆಬ್‌ಸೈಟ್ ಹೆಸರುಗಳನ್ನು ಅಂಕಿಗಳಾಗಿ ಬಿಡಿಸಿಕೊಡುವುದು. ನಾಲ್ಕೂ ಬೇರೆಬೇರೆಯಾಗಿ ಕೆಡಬಲ್ಲವು, ಕೆಟ್ಟಾಗ ಕಾಣಿಸುವ ಲಕ್ಷಣಗಳೂ ಬೇರೆಬೇರೆ. ಈ ನಾಲ್ಕನ್ನು ಬಿಡಿಸಿ ನೋಡಲು ಕಲಿತರೆ ಹಾಟ್‌ಸ್ಪಾಟ್ ಕೈಕೊಟ್ಟಾಗ ಕತ್ತಲಲ್ಲಿ ತಡಕಾಡುವುದು ತಪ್ಪುತ್ತದೆ.

ಕೇಳುತ್ತಿದ್ದ ರೇಡಿಯೋ ಈಗ ಸಾರಬೇಕು

ಮಾಮೂಲಿ ವೈ-ಫೈ ಜಾಲದಲ್ಲಿ ಎರಡು ಪಾತ್ರಗಳಿರುತ್ತವೆ. ಆಕ್ಸೆಸ್ ಪಾಯಿಂಟ್ ಎಂಬುದು ಜಾಲವನ್ನು ನಡೆಸುವ ಯಜಮಾನ. ನನ್ನ ಹೆಸರು ಇದು, ನನ್ನ ಭದ್ರತೆ ಇಂಥದ್ದು ಎಂದು ಅದು ಸೆಕೆಂಡಿಗೆ ಸುಮಾರು 10 ಸಲ ಬೀಕನ್ ಎಂಬ ಪುಟ್ಟ ಸಂದೇಶ ಕಳಿಸುತ್ತಲೇ ಇರುತ್ತದೆ. ಫೋನು, ಲ್ಯಾಪ್‌ಟಾಪ್‌ಗಳದ್ದು ಕ್ಲೈಂಟ್ ಪಾತ್ರ. ಅವು ಬೀಕನ್ ಕೇಳಿಸಿಕೊಂಡು ಸೇರಿಕೊಳ್ಳುತ್ತವೆ. ಲ್ಯಾಪ್‌ಟಾಪ್‌ನ ವೈ-ಫೈ ಚಿಪ್ ದಿನವೆಲ್ಲ ಕ್ಲೈಂಟ್ ಆಗಿರುತ್ತದೆ. ಹಾಟ್‌ಸ್ಪಾಟ್ ಆನ್ ಮಾಡಿದಾಗ ಅದು ಆಕ್ಸೆಸ್ ಪಾಯಿಂಟ್ ಆಗಬೇಕು. ಇದು ಎಲ್ಲ ಚಿಪ್‌ಗಳಿಗೂ ಬರುವ ವಿದ್ಯೆಯಲ್ಲ. ಚಿಪ್ ಜೊತೆಗೆ ಅದನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಕೂಡ ಒಪ್ಪಬೇಕು.

ಹಿಂದೆ ಇದಕ್ಕೆ ಅಡ್-ಹಾಕ್ ಎಂಬ ಒಳದಾರಿಯೊಂದಿತ್ತು. ಅದರಲ್ಲಿ ಯಜಮಾನ ಯಾರೂ ಇಲ್ಲ, ಕಂಪ್ಯೂಟರ್‌ಗಳು ಪರಸ್ಪರ ನೇರವಾಗಿ ಮಾತಾಡಿಕೊಳ್ಳುತ್ತವೆ. ಎರಡು ಲ್ಯಾಪ್‌ಟಾಪ್‌ಗಳ ನಡುವೆ ಅದು ನಡೆಯುತ್ತಿತ್ತು. ಆಂಡ್ರಾಯ್ಡ್ ಫೋನುಗಳು ಬಂದಾಗ ತೊಡಕು ಶುರುವಾಯಿತು. ಅವಕ್ಕೆ ಅಡ್-ಹಾಕ್ ಜಾಲಗಳು ಕಾಣಿಸುತ್ತಲೇ ಇರಲಿಲ್ಲ. 2009ರಲ್ಲಿ ಬಂದ ವಿಂಡೋಸ್ 7 ಇದಕ್ಕೆ ಪರಿಹಾರ ತಂದಿತು. ಒಂದೇ ವೈ-ಫೈ ಅಡಾಪ್ಟರನ್ನು ಸಾಫ್ಟ್‌ವೇರ್ ಮಟ್ಟದಲ್ಲಿ ಎರಡಾಗಿ ತೋರಿಸಿ, ಒಂದನ್ನು ಕ್ಲೈಂಟ್ ಆಗಿ, ಇನ್ನೊಂದನ್ನು ನಿಜವಾದ ಆಕ್ಸೆಸ್ ಪಾಯಿಂಟ್ ಆಗಿ ನಡೆಸುವ ‘ಹೋಸ್ಟೆಡ್ ನೆಟ್‌ವರ್ಕ್’ ಸೌಲಭ್ಯ ಅದರಲ್ಲಿತ್ತು. ಆದರೆ ಅದಕ್ಕೆ ಬಟನ್ ಇರಲಿಲ್ಲ, ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಶೆಲ್ ಆದೇಶಗಳನ್ನು ಟೈಪಿಸಬೇಕಿತ್ತು. ಆ ಕಷ್ಟ ತಪ್ಪಿಸುತ್ತೇವೆ ಎಂದು ಹೇಳಿಕೊಂಡು ಎಷ್ಟೋ ಚಿಕ್ಕಪುಟ್ಟ ಸಾಫ್ಟ್‌ವೇರ್‌ಗಳು ಹುಟ್ಟಿಕೊಂಡವು. ಸೆಟ್ಟಿಂಗ್ಸ್‌ನಲ್ಲೇ ‘ಮೊಬೈಲ್ ಹಾಟ್‌ಸ್ಪಾಟ್’ ಸ್ವಿಚ್ ಬಂದಿದ್ದು 2016ರ ಆಗಸ್ಟ್‌ನಲ್ಲಿ, ವಿಂಡೋಸ್ 10ರ ಆನಿವರ್ಸರಿ ಅಪ್‌ಡೇಟ್ ಜೊತೆಗೆ.

ಈ ಇತಿಹಾಸ ಹೇಳಲು ಒಂದು ಕಾರಣವಿದೆ. ಹಳೆಯ ಆದೇಶಗಳು ಇಂದಿಗೂ ಅಲ್ಲಲ್ಲಿ ಓಡಾಡುತ್ತಿವೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಅವನ್ನು ಟೈಪಿಸಿದರೆ ‘ಹೋಸ್ಟೆಡ್ ನೆಟ್‌ವರ್ಕ್ ಬೆಂಬಲ ಇಲ್ಲ’ ಎಂಬ ಉತ್ತರ ಬರಬಹುದು. ಅದನ್ನು ನೋಡಿ ನಮ್ಮ ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಶಕ್ತಿಯೇ ಇಲ್ಲ ಎಂದುಕೊಳ್ಳಬೇಡಿ. ಈಗಿನ ಮೊಬೈಲ್ ಹಾಟ್‌ಸ್ಪಾಟ್ ನಿಂತಿರುವುದು ವೈ-ಫೈ ಡೈರೆಕ್ಟ್ ಎಂಬ ಬೇರೆ ತಂತ್ರದ ಮೇಲೆ. ಹೊಸ ಡ್ರೈವರ್‌ಗಳು ಹಳೆಯದನ್ನು ಕೈಬಿಟ್ಟು ಇದನ್ನು ಹಿಡಿದಿವೆ. ಆದ್ದರಿಂದ ವಿಂಡೋಸ್ 10, 11 ಇದ್ದವರು ಹಳೆಯ ಆದೇಶಗಳ ಗೋಜಿಗೇ ಹೋಗಬೇಕಿಲ್ಲ. ಇದೇ ಕೆಲಸ ಮಾಡಿಕೊಡುತ್ತೇವೆನ್ನುವ ಅಪರಿಚಿತ ಸಾಫ್ಟ್‌ವೇರ್ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ನಿಮ್ಮೆಲ್ಲ ಸಾಧನಗಳ ಮಾತುಕತೆ ಹಾದುಹೋಗುವ ಜಾಗದಲ್ಲಿ ಗುರುತಿಲ್ಲದವರನ್ನು ಕೂರಿಸಿದಂತಾಗುತ್ತದೆ.

ಈಗ ವೇಗದ ವಿಷಯ. ಇಂಟರ್ನೆಟ್ ಕೇಬಲ್‌ನಿಂದ ಬರುತ್ತಿದ್ದರೆ ವೈ-ಫೈ ಚಿಪ್ ಪೂರ್ತಿಯಾಗಿ ಹಾಟ್‌ಸ್ಪಾಟ್‌ಗೇ ಮೀಸಲು. ವೈ-ಫೈನಿಂದಲೇ ತೆಗೆದುಕೊಂಡು ವೈ-ಫೈನಲ್ಲೇ ಹಂಚುವುದಾದರೆ ಒಂದೇ ರೇಡಿಯೋ ಎರಡು ಜಾಲಗಳ ನಡುವೆ ಸಮಯ ಹಂಚಿಕೊಳ್ಳಬೇಕು. ಫೋನ್ ಕೇಳಿದ ವಿಡಿಯೋದ ಪ್ರತಿ ತುಣುಕೂ ಗಾಳಿಯಲ್ಲಿ ಎರಡು ಸಲ ಪ್ರಯಾಣಿಸುತ್ತದೆ: ರೌಟರ್‌ನಿಂದ ಲ್ಯಾಪ್‌ಟಾಪ್‌ಗೆ ಒಮ್ಮೆ, ಲ್ಯಾಪ್‌ಟಾಪ್‌ನಿಂದ ಫೋನಿಗೆ ಇನ್ನೊಮ್ಮೆ. ಎರಡೂ ಒಂದೇ ಚಾನಲ್‌ನಲ್ಲಿ (ವೈ-ಫೈ ಮಾತಾಡುವ ಆವರ್ತನದ ಓಣಿಯಲ್ಲಿ) ಇದ್ದರೆ ಒಂದು ನಡೆಯುವಾಗ ಇನ್ನೊಂದು ಕಾಯಬೇಕು. ಹೀಗಾಗಿ ಫೋನಿಗೆ ಸಿಗುವುದು ಹೆಚ್ಚೆಂದರೆ ಅರ್ಧ ವೇಗ. ಇದು ದೋಷವಲ್ಲ, ಒಂದೇ ರೇಡಿಯೋ ಇರುವುದರ ಫಲ. ಹೆಚ್ಚು ವೇಗ ಬೇಕೆಂದರೆ ಯುಎಸ್‌ಬಿ ವೈ-ಫೈ ಅಡಾಪ್ಟರ್ ಒಂದನ್ನು ಸೇರಿಸಿ, ಒಂದರಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ, ಬೇರೆ ಚಾನಲ್‌ನಲ್ಲಿ, ಹಂಚಬಹುದು.

ಲಿನಕ್ಸ್ ಬಳಸುವವರು ತಮ್ಮ ಚಿಪ್‌ನ ಯೋಗ್ಯತೆಯನ್ನು ಕಣ್ಣಾರೆ ನೋಡಬಹುದು. ‘ಐಡಬ್ಲ್ಯು ಲಿಸ್ಟ್’ (iw list) ಆದೇಶ ಕೊಟ್ಟರೆ ಬರುವ ಉದ್ದನೆಯ ಪಟ್ಟಿಯ ಕೊನೆಯ ಭಾಗದಲ್ಲಿ ‘ವ್ಯಾಲಿಡ್ ಇಂಟರ್‌ಫೇಸ್ ಕಾಂಬಿನೇಷನ್ಸ್’ ಎಂಬ ಸಾಲು ಸಿಗುತ್ತದೆ. ಅಲ್ಲಿ ಮ್ಯಾನೇಜ್ಡ್ (ಕ್ಲೈಂಟ್) ಮತ್ತು ಎಪಿ (ಆಕ್ಸೆಸ್ ಪಾಯಿಂಟ್) ಎರಡೂ ಒಟ್ಟಿಗೆ ಇದ್ದು, ಚಾನಲ್‌ಗಳ ಸಂಖ್ಯೆ 1 ಎಂದು ಬರೆದಿದ್ದರೆ, ಒಂದೇ ಹೊತ್ತಿನಲ್ಲಿ ಕ್ಲೈಂಟ್ ಆಗಿಯೂ ಆಕ್ಸೆಸ್ ಪಾಯಿಂಟ್ ಆಗಿಯೂ ಇರಬಲ್ಲೆ, ಆದರೆ ಎರಡೂ ಒಂದೇ ಚಾನಲ್‌ನಲ್ಲಿರಬೇಕು ಎಂದು ಚಿಪ್ ಹೇಳುತ್ತಿದೆ ಎಂದರ್ಥ. ಎಪಿ ಎಂಬ ಹೆಸರು ಪಟ್ಟಿಯಲ್ಲಿ ಎಲ್ಲೂ ಇಲ್ಲದಿದ್ದರೆ ಆ ಅಡಾಪ್ಟರ್‌ನಿಂದ ಮಾಮೂಲಿ ಹಾಟ್‌ಸ್ಪಾಟ್ ಆಗುವ ಮಾತಿಲ್ಲ.

‘ಒಂದೇ ಚಾನಲ್’ ಎಂಬ ಈ ಕಟ್ಟುಪಾಡಿನಿಂದ ಒಂದು ವಿಚಿತ್ರ ತೊಂದರೆ ಹುಟ್ಟುತ್ತದೆ. 5 ಗಿಗಾಹರ್ಟ್ಸ್ ಬ್ಯಾಂಡಿನ (ಬ್ಯಾಂಡ್ ಎಂದರೆ ಹಲವು ಚಾನಲ್‌ಗಳಿರುವ ಆವರ್ತನಗಳ ಹರವು) ಕೆಲವು ಚಾನಲ್‌ಗಳನ್ನು ಹವಾಮಾನ ರೇಡಾರ್‌ಗಳೂ ಬಳಸುತ್ತವೆ. ಅಲ್ಲಿ ಜಾಲ ಕಟ್ಟುವ ಯಾವುದೇ ಸಾಧನ ಮೊದಲು ಕಿವಿಗೊಟ್ಟು, ರೇಡಾರ್ ಸುಳಿವಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕೆಂಬ ನಿಯಮವಿದೆ. ರೌಟರ್‌ಗಳು ಇದನ್ನು ಮಾಡುತ್ತವೆ. ಲ್ಯಾಪ್‌ಟಾಪ್‌ನ ಚಿಪ್‌ಗಳು ಸಾಮಾನ್ಯವಾಗಿ ಮಾಡುವುದಿಲ್ಲ, ಹಾಗಾಗಿ ಅವಕ್ಕೆ ಆ ಚಾನಲ್‌ಗಳಲ್ಲಿ ಜಾಲ ಕಟ್ಟುವ ಅನುಮತಿ ಇರುವುದಿಲ್ಲ, ಸೇರಿಕೊಳ್ಳಲು ಮಾತ್ರ ಉಂಟು. ನಿಮ್ಮ ರೌಟರ್ ಅಂಥ ಚಾನಲ್‌ಗೆ ಹೋಗಿ ಕೂತಿದ್ದರೆ, ಲ್ಯಾಪ್‌ಟಾಪ್ ಅದಕ್ಕೆ ಸೇರಿಕೊಂಡೇ ಹಾಟ್‌ಸ್ಪಾಟ್ ತೆರೆಯಲು ಹೊರಟಾಗ ಸೋಲಬಹುದು. ನಿನ್ನೆ ಆಗುತ್ತಿತ್ತು, ಇಂದು ಆಗುತ್ತಿಲ್ಲ ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ, ಏಕೆಂದರೆ ರೌಟರ್‌ಗಳು ತಾವಾಗಿಯೇ ಚಾನಲ್ ಬದಲಿಸುತ್ತವೆ. ರೌಟರ್‌ನ ಚಾನಲನ್ನು 36ರಿಂದ 48ರೊಳಗೆ ನಿಲ್ಲಿಸಿದರೆ, ಅಥವಾ ಲ್ಯಾಪ್‌ಟಾಪನ್ನು 2.4 ಗಿಗಾಹರ್ಟ್ಸ್ ಜಾಲಕ್ಕೆ ಸೇರಿಸಿದರೆ ಬಗೆಹರಿಯುತ್ತದೆ.

ಯಾವ ಬ್ಯಾಂಡ್ ಒಳ್ಳೆಯದು? ಹಾಟ್‌ಸ್ಪಾಟ್ ಹೆಸರೇ ಕಾಣದ ಹಳೆಯ ಫೋನ್, ಪ್ರಿಂಟರ್, ಸ್ಮಾರ್ಟ್ ಬಲ್ಬ್‌ಗಳಿದ್ದರೆ 2.4, ಅವುಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಗೊತ್ತೇ ಇರುವುದಿಲ್ಲ. ಒಂದೇ ಕೋಣೆಯಲ್ಲಿ ವೇಗ ಬೇಕಾದರೆ 5. ಗೋಡೆ ದಾಟಬೇಕಾದರೆ ಮತ್ತೆ 2.4. ನನ್ನ ಸಲಹೆ ಕೇಳಿದರೆ, ಮೊದಲ ಸಲ ಪ್ರಯತ್ನಿಸುವಾಗ 2.4ರಲ್ಲೇ ಶುರುಮಾಡಿ. ಎಲ್ಲವೂ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ 5ಕ್ಕೆ ಏರಿಸಿ.

ವಿಳಾಸ ಕೊಡುವವರು ಯಾರು?

ರೇಡಿಯೋ ಸಂಪರ್ಕ ಆದ ತಕ್ಷಣ ಫೋನ್ ಕೇಳುವ ಮೊದಲ ಪ್ರಶ್ನೆ: ಇಲ್ಲಿ ನನ್ನನ್ನು ಗುರುತಿಸುವ ಅಂಕಿ, ಅಂದರೆ ಐಪಿ ವಿಳಾಸ, ಯಾವುದು? ಉತ್ತರಿಸುವುದು ಡಿಎಚ್‌ಸಿಪಿ ಎಂಬ ಸೇವೆ. ಹಾಟ್‌ಸ್ಪಾಟ್‌ನಲ್ಲಿ ಆ ಸೇವೆಯನ್ನು ನಿಮ್ಮ ಲ್ಯಾಪ್‌ಟಾಪೇ ನಡೆಸುತ್ತದೆ. ಇಂಥ ವಿಳಾಸ ನಿನ್ನದು, ಇಷ್ಟು ಹೊತ್ತು ಇಟ್ಟುಕೋ, ಹೊರಗೆ ಹೋಗುವುದಿದ್ದರೆ ನನ್ನ ಮೂಲಕ ಹೋಗು, ಹೆಸರು ವಿಚಾರಿಸಬೇಕಾದರೂ ನನ್ನನ್ನೇ ಕೇಳು. ಈ ನಾಲ್ಕು ವಿವರ ಸಿಕ್ಕಿದರೆ ಫೋನ್ ಸಿದ್ಧ.

ಪ್ರತಿ ಆಪರೇಟಿಂಗ್ ಸಿಸ್ಟಮ್‌ಗೂ ಹಂಚಲು ತನ್ನದೇ ಆದ ವಿಳಾಸ ಸರಣಿ ಇದೆ. ವಿಂಡೋಸ್ ತನ್ನನ್ನು 192.168.137.1 ಎಂದು ಕರೆದುಕೊಂಡು, ಬಂದವರಿಗೆ 192.168.137ರಿಂದ ಶುರುವಾಗುವ ವಿಳಾಸಗಳನ್ನು ಕೊಡುತ್ತದೆ. ಮ್ಯಾಕ್ ಸಾಮಾನ್ಯವಾಗಿ 192.168.2.1 ಹಿಡಿಯುತ್ತದೆ. ಲಿನಕ್ಸ್‌ನ ನೆಟ್‌ವರ್ಕ್ ಮ್ಯಾನೇಜರ್ 10.42.0.1ರಿಂದ ಶುರುಮಾಡುತ್ತದೆ. ಈ ಅಂಕಿಗಳನ್ನು ನೆನಪಿಟ್ಟುಕೊಂಡರೆ ಫೋನಿನ ವಿಳಾಸ ನೋಡಿದೊಡನೆ ಅದು ನಿಮ್ಮ ಲ್ಯಾಪ್‌ಟಾಪ್‌ಗೆ ಸೇರಿದೆಯೋ ಬೇರೆಲ್ಲಿಗೋ ಎಂದು ಹೇಳಬಹುದು.

ಇವೆಲ್ಲ ಖಾಸಗಿ ವಿಳಾಸಗಳು. 10ರಿಂದ, 172.16ರಿಂದ 172.31ರವರೆಗೆ, 192.168ರಿಂದ ಶುರುವಾಗುವ ವಿಳಾಸಗಳನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ, ಕಚೇರಿಯೊಳಗೆ ಬಳಸಿಕೊಳ್ಳಬಹುದು ಎಂದು 1996ರಲ್ಲಿ ಇಂಟರ್ನೆಟ್‌ನ ಮಾನಕ ರೂಪಿಸುವವರು ಮೀಸಲಿಟ್ಟರು. ಜಗತ್ತಿನ ಕೋಟ್ಯಂತರ ಸಾಧನಗಳು ಇದೇ ವಿಳಾಸಗಳನ್ನು ಏಕಕಾಲಕ್ಕೆ ಬಳಸುತ್ತಿವೆ. ಹೊರಗಿನ ಇಂಟರ್ನೆಟ್‌ನಲ್ಲಿ ಇವಕ್ಕೆ ಬೆಲೆಯಿಲ್ಲ, 192.168.137.52ಕ್ಕೆ ಎಂದು ಬರೆದ ಪ್ಯಾಕೆಟ್ಟನ್ನು (ಜಾಲದಲ್ಲಿ ಸಾಗುವ ಮಾಹಿತಿಯ ಸಣ್ಣ ಕಟ್ಟನ್ನು) ಹೊರಗಿನ ಯಾವ ರೌಟರೂ ಮುಂದೆ ಸಾಗಿಸುವುದಿಲ್ಲ. ಹಾಗಿದ್ದರೆ ಫೋನಿಗೆ ಉತ್ತರ ಬರುವುದು ಹೇಗೆ? ಇಡೀ ಏರ್ಪಾಡಿನ ಜೀವ ಇರುವುದು ಇಲ್ಲಿಯೇ.

ಒಂದು ಪ್ಯಾಕೆಟ್ಟಿನ ಜೊತೆ ಹೋಗಿ ನೋಡೋಣ

ಫೋನಿನ ವಿಳಾಸ 192.168.137.52 ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್‌ಗೆ ಎರಡು ಮುಖ: ಫೋನಿನ ಕಡೆಗೆ 192.168.137.1, ಮನೆಯ ರೌಟರ್ ಕಡೆಗೆ 192.168.1.7. ಫೋನಿನ ಬ್ರೌಸರ್ ಒಂದು ವೆಬ್‌ಸೈಟ್ ತೆರೆಯುತ್ತಿದೆ, ಆ ಸರ್ವರ್ ವಿಳಾಸ 203.0.113.10 ಎಂದಿರಲಿ. (ಇದು ನಿಜವಾದ ಸರ್ವರ್ ಅಲ್ಲ, ಬರಹಗಳಲ್ಲಿ ಉದಾಹರಣೆ ಕೊಡಲೆಂದೇ ಕಾದಿರಿಸಿದ ವಿಳಾಸ.)

ಫೋನ್ ಹೊರಡಿಸುವ ಪ್ಯಾಕೆಟ್ಟಿನ ಮೇಲೆ ಹೀಗೆ ಬರೆದಿರುತ್ತದೆ: ಇಂದ, 192.168.137.52, ಪೋರ್ಟ್ 51512. ಗೆ, 203.0.113.10, ಪೋರ್ಟ್ 443. ಪೋರ್ಟ್ ಎಂದರೆ ಒಂದೇ ಸಾಧನದೊಳಗೆ ನಡೆಯುವ ಹಲವು ಸಂಭಾಷಣೆಗಳನ್ನು ಬೇರ್ಪಡಿಸುವ ಅಂಕಿ. 443 ಸುರಕ್ಷಿತ ವೆಬ್‌ಸೈಟುಗಳದ್ದು. 51512 ಈ ಒಂದು ಸಂಭಾಷಣೆಗಾಗಿ ಫೋನ್ ಆರಿಸಿಕೊಂಡದ್ದು.

ಪ್ಯಾಕೆಟ್ ಲ್ಯಾಪ್‌ಟಾಪ್‌ಗೆ ಬಂತು. ಲ್ಯಾಪ್‌ಟಾಪ್ ‘ಇಂದ’ ಎಂಬ ಜಾಗದಲ್ಲಿರುವ ಫೋನಿನ ವಿಳಾಸವನ್ನು ಅಳಿಸಿ ತನ್ನ ಹೊರಮುಖದ ವಿಳಾಸ 192.168.1.7 ಬರೆಯುತ್ತದೆ. ಪೋರ್ಟನ್ನೂ ಬದಲಿಸಿ, 62014 ಎಂದುಕೊಳ್ಳೋಣ, ಪ್ಯಾಕೆಟ್ಟನ್ನು ರೌಟರ್‌ಗೆ ದಾಟಿಸುತ್ತದೆ. ದಾಟಿಸುವ ಮೊದಲು ತನ್ನ ನೆನಪಿನ ಕೋಷ್ಟಕದಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ: 62014ಕ್ಕೆ ಉತ್ತರ ಬಂದರೆ ಅದು 192.168.137.52ರ 51512ಕ್ಕೆ ಸೇರಿದ್ದು. 192.168.1.7 ಕೂಡ ಖಾಸಗಿ ವಿಳಾಸವೇ, ಆದ್ದರಿಂದ ರೌಟರ್ ತನ್ನ ಮಟ್ಟದಲ್ಲಿ ಇದೇ ಅದಲುಬದಲನ್ನು ಇನ್ನೊಮ್ಮೆ ಮಾಡುತ್ತದೆ. ಸರ್ವರ್ ಉತ್ತರಿಸಿದಾಗ ಪ್ಯಾಕೆಟ್ ರೌಟರ್ ಮೂಲಕ ಲ್ಯಾಪ್‌ಟಾಪ್‌ನ 62014ಕ್ಕೆ ಬರುತ್ತದೆ. ಲ್ಯಾಪ್‌ಟಾಪ್ ಕೋಷ್ಟಕ ನೋಡಿ, ‘ಗೆ’ ಎಂಬಲ್ಲಿ ಫೋನಿನ ವಿಳಾಸ ಬರೆದು ಫೋನಿಗೆ ಕಳಿಸುತ್ತದೆ. ಫೋನಿಗೆ ಈ ಅದಲುಬದಲು ನಡೆದದ್ದೇ ತಿಳಿಯುವುದಿಲ್ಲ. ಸರ್ವರ್‌ಗೂ ತಿಳಿಯುವುದಿಲ್ಲ.

ಪಕ್ಕದ ಟ್ಯಾಬ್ಲೆಟ್ ಕೂಡ ಅದೇ ಹೊತ್ತಿಗೆ ಅದೇ ಸರ್ವರ್‌ಗೆ ಅದೇ 51512 ಪೋರ್ಟ್‌ನಿಂದ ಮಾತಾಡಲು ಹೊರಟರೆ? ಗೊಂದಲವಿಲ್ಲ. ಲ್ಯಾಪ್‌ಟಾಪ್ ಅದಕ್ಕೆ 62015 ಕೊಟ್ಟು ಇನ್ನೊಂದು ಸಾಲು ಬರೆದುಕೊಳ್ಳುತ್ತದೆ. ಪೋರ್ಟ್ ಅಂಕಿಗಳು 65,535ರವರೆಗೆ ಇವೆ, ಮನೆಯ ಹತ್ತಾರು ಸಾಧನಗಳಿಗೆ ಧಾರಾಳವಾಗಿ ಸಾಲುತ್ತವೆ.

ಈ ತಂತ್ರದ ಹೆಸರು ನ್ಯಾಟ್. 1994ರಲ್ಲಿ ಇದನ್ನು ಮೊದಲು ವಿವರಿಸಿದಾಗ, ವಿಳಾಸಗಳ ಕೊರತೆಗೆ ಶಾಶ್ವತ ಪರಿಹಾರ ಸಿಗುವವರೆಗಿನ ಅಲ್ಪಾವಧಿಯ ಉಪಾಯವೆಂದೇ ಅದನ್ನು ಮುಂದಿಟ್ಟಿದ್ದರು. ಐಪಿ ನಾಲ್ಕನೇ ಆವೃತ್ತಿಯಲ್ಲಿ ಸಾಧ್ಯವಿರುವ ವಿಳಾಸಗಳು ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಗೇ ಅದು ಸಾಲದು. 2011ರ ಫೆಬ್ರವರಿ 3ರಂದು ಕೇಂದ್ರ ದಾಸ್ತಾನಿನ ಕೊನೆಯ ಕಂತುಗಳನ್ನೂ ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಮುಗಿಸಲಾಯಿತು. ಅಷ್ಟಾದರೂ ಇಂಟರ್ನೆಟ್ ನಿಲ್ಲದೆ ಬೆಳೆದದ್ದರಲ್ಲಿ ನ್ಯಾಟ್‌ನ ಪಾಲು ದೊಡ್ಡದು. ಮನೆಯ ಕಂಪ್ಯೂಟರ್‌ಗೆ ಇದನ್ನು ತಂದುಕೊಟ್ಟದ್ದು 1999ರ ವಿಂಡೋಸ್ 98 ಸೆಕೆಂಡ್ ಎಡಿಷನ್. ಅದರಲ್ಲಿದ್ದ ‘ಇಂಟರ್ನೆಟ್ ಕನೆಕ್ಷನ್ ಶೇರಿಂಗ್’ ಎಂಬ ಸೇವೆ ಅದೇ ಹೆಸರಿನಲ್ಲಿ ಇಂದಿನ ವಿಂಡೋಸ್ 11ರೊಳಗೂ ಇದೆ.

ನಾಲ್ಕನೆಯ ಕೆಲಸ ಡಿಎನ್‌ಎಸ್. ವೆಬ್‌ಸೈಟ್ ಹೆಸರನ್ನು ಐಪಿ ವಿಳಾಸವಾಗಿಸುವ ಪ್ರಶ್ನೆಗಳನ್ನು ಫೋನ್ ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ, ಲ್ಯಾಪ್‌ಟಾಪ್ ತಾನು ಬಳಸುವ ಡಿಎನ್‌ಎಸ್ ಸರ್ವರ್‌ಗೆ ಅದನ್ನು ದಾಟಿಸಿ ಉತ್ತರ ತಂದುಕೊಡುತ್ತದೆ. ಹೇಳಲು ಇಷ್ಟೇ ಇದ್ದರೂ ಇದು ನಿಂತರೆ ಇಂಟರ್ನೆಟ್ಟೇ ನಿಂತಂತೆ ಕಾಣುತ್ತದೆ.

ಆನ್ ಮಾಡುವ ದಾರಿ

ವಿಂಡೋಸ್ 10, 11ರಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ಮೊಬೈಲ್ ಹಾಟ್‌ಸ್ಪಾಟ್. ಇಂಟರ್ನೆಟ್ ಎಲ್ಲಿಂದ ಬರುತ್ತಿದೆ (ಈಥರ್‌ನೆಟ್, ವೈ-ಫೈ ಅಥವಾ ಮೊಬೈಲ್ ಡೇಟಾ) ಎಂಬುದನ್ನೂ ಯಾವುದರ ಮೇಲೆ ಹಂಚಬೇಕು ಎಂಬುದನ್ನೂ ಆರಿಸಿ. ಹಂಚಲು ಬ್ಲೂಟೂತ್ ಆಯ್ಕೆಯೂ ಇದೆ, ಆದರೆ ಅದು ತೀರಾ ನಿಧಾನ. ಮೆಸೇಜು, ಮೇಲ್‌ಗಳಿಗೆ ಆದೀತು, ವಿಡಿಯೋಗೆ ಆಗದು. ಎಡಿಟ್ ಒತ್ತಿ ಹೆಸರು, ಪಾಸ್‌ವರ್ಡ್, ಬ್ಯಾಂಡ್ ಬದಲಿಸಿಕೊಳ್ಳಿ. ಒಮ್ಮೆಗೆ 8 ಸಾಧನಗಳು ಸೇರಬಹುದು.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಶೇರಿಂಗ್, ಇಂಟರ್ನೆಟ್ ಶೇರಿಂಗ್. ಅಲ್ಲಿ ಮೂಲ ಯಾವುದು, ಹಂಚುವುದು ಯಾವುದರ ಮೇಲೆ ಎಂದು ಆರಿಸಿ, ವೈ-ಫೈ ಆಪ್ಷನ್ಸ್‌ನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಆಮೇಲೆ ಸ್ವಿಚ್ ಒತ್ತಬೇಕು. ಮ್ಯಾಕ್ ವೈ-ಫೈನಿಂದ ಬಂದ ಇಂಟರ್ನೆಟ್ಟನ್ನು ಅದೇ ವೈ-ಫೈ ಮೇಲೆ ಹಂಚುವುದಿಲ್ಲ. ಮೂಲ ಕೇಬಲ್ ಆಗಿರಬೇಕು, ಇಲ್ಲವೇ ಯುಎಸ್‌ಬಿಯಲ್ಲಿ ಸಿಕ್ಕಿಸಿದ ಫೋನಿನಂಥ ಬೇರೆ ಏನಾದರೂ. ಲಿನಕ್ಸ್‌ನ ಗ್ನೋಮ್ ಪರದೆಯಲ್ಲಿ ವೈ-ಫೈ ಸೆಟ್ಟಿಂಗ್ಸ್‌ನ ಮೆನುವಿನಲ್ಲಿ ‘ಟರ್ನ್ ಆನ್ ವೈ-ಫೈ ಹಾಟ್‌ಸ್ಪಾಟ್’ ಇದೆ. ಅದನ್ನು ಒತ್ತಿದರೆ ಆ ಅಡಾಪ್ಟರ್‌ನ ಈಗಿನ ವೈ-ಫೈ ಸಂಪರ್ಕ ಕಡಿದುಹೋಗುತ್ತದೆ, ಆದ್ದರಿಂದ ಅಲ್ಲಿಯೂ ಕೇಬಲ್ ಇದ್ದರೇ ಚೆನ್ನ.

ಹೆಸರಿನ ಬಗ್ಗೆ ಒಂದು ಮಾತು. ವೈ-ಫೈ ಹೆಸರಿಗೆ ಗರಿಷ್ಠ 32 ಬೈಟ್‌ಗಳ ಮಿತಿ ಇದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಗುಣಿತ ಚಿಹ್ನೆ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಗಳೂ ಪ್ರತ್ಯೇಕ ಸಂಕೇತಗಳೇ. ಹೀಗಾಗಿ ಕನ್ನಡದಲ್ಲಿ ಹೆಸರಿಡುವುದಾದರೆ ಸಂಕೇತಗಳು 10ಕ್ಕೆ ಮುಗಿದುಹೋಗುತ್ತವೆ. ‘ಕಾವೇರಿ’ ಎಂಬುದಕ್ಕೆ 6 ಸಂಕೇತ, 18 ಬೈಟ್, ಸುಖವಾಗಿ ಹಿಡಿಸುತ್ತದೆ. ‘ತುಂಗಭದ್ರಾ’ ಎಂಬುದಕ್ಕೆ 9 ಸಂಕೇತ, 27 ಬೈಟ್. ಅದರ ಮುಂದೆ ಇನ್ನೊಂದು ಪದ ಸೇರಿಸಲು ಜಾಗವಿಲ್ಲ. ಹಳೆಯ ಕೆಲವು ಸಾಧನಗಳಲ್ಲಿ ಕನ್ನಡ ಹೆಸರು ಚೌಕಗಳಾಗಿ ಕಾಣಬಹುದು, ಸಂಪರ್ಕಕ್ಕೆ ಅದರಿಂದ ಧಕ್ಕೆಯಿಲ್ಲ.

ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

ನಾಲ್ಕು ಕೆಲಸಗಳನ್ನು ಬೇರೆಬೇರೆಯಾಗಿ ನೋಡಿದ್ದರ ಪ್ರಯೋಜನ ಈಗ. ಮೊದಲು ಫೋನಿನಲ್ಲಿ ಹಾಟ್‌ಸ್ಪಾಟ್ ಹೆಸರು ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ತೊಂದರೆ ರೇಡಿಯೋದ್ದು: ಬ್ಯಾಂಡ್, ಚಾನಲ್, ಡ್ರೈವರ್. ಆಗ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ಹೆಸರು ಕಂಡು, ಪಾಸ್‌ವರ್ಡ್ ಹಾಕಿದರೂ ನಿರಾಕರಿಸುತ್ತಿದ್ದರೆ, ಫೋನ್ ಹಳೆಯ ಪಾಸ್‌ವರ್ಡನ್ನೇ ನೆನಪಿಟ್ಟುಕೊಂಡಿರಬಹುದು. ಆ ಜಾಲವನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಿ.

ಸೇರಿಕೊಂಡ ಮೇಲೆ ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂಬಲ್ಲೇ ಆಂಡ್ರಾಯ್ಡ್ ಫೋನ್ ನಿಂತುಬಿಟ್ಟರೆ, ಅಥವಾ ಐಫೋನಿನಲ್ಲಿ, ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ, ಡಿಎಚ್‌ಸಿಪಿ ಉತ್ತರಿಸುತ್ತಿಲ್ಲ ಎಂದರ್ಥ. 169.254 ಎಂಬುದು ಯಾರೂ ವಿಳಾಸ ಕೊಡದಿದ್ದಾಗ ಸಾಧನ ತಾನೇ ಇಟ್ಟುಕೊಳ್ಳುವ ವಿಳಾಸ. ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಲ್ಯಾಪ್‌ಟಾಪ್‌ನಲ್ಲಿ ಬೇರೆಯಾಗಿ ಹಾಕಿಸಿಕೊಂಡ ಫೈರ್‌ವಾಲ್ (ಜಾಲದ ಸಂಚಾರವನ್ನು ತಡೆದು ನೋಡುವ ಕಾವಲು ಸಾಫ್ಟ್‌ವೇರ್) ಅಥವಾ ಆಂಟಿವೈರಸ್. ಹಾಟ್‌ಸ್ಪಾಟ್‌ನ ವರ್ಚುವಲ್ ಅಡಾಪ್ಟರ್ ಅದಕ್ಕೆ ಅಪರಿಚಿತ, ಹಾಗಾಗಿ ಬಾಗಿಲು ಹಾಕಿರುತ್ತದೆ. ವಿಂಡೋಸ್‌ನಲ್ಲಿ ಸರ್ವೀಸಸ್ ಪಟ್ಟಿ ತೆರೆದು ‘ಇಂಟರ್ನೆಟ್ ಕನೆಕ್ಷನ್ ಶೇರಿಂಗ್’ ನಡೆಯುತ್ತಿದೆಯೇ ಎಂದೂ ನೋಡಿ.

ವಿಳಾಸ ಸರಿಯಾಗಿ 192.168.137ರಲ್ಲೇ ಇದೆ, ಆದರೂ ಏನೂ ತೆರೆಯುತ್ತಿಲ್ಲವೇ? ಫೋನಿನಿಂದ 1.1.1.1 ಅಥವಾ 8.8.8.8 ಎಂಬ ಸಾರ್ವಜನಿಕ ಡಿಎನ್‌ಎಸ್ ಸರ್ವರ್‌ಗೆ ಪಿಂಗ್ ಮಾಡಿ, ಅಂದರೆ ಸಣ್ಣ ಪ್ಯಾಕೆಟ್ ಕಳಿಸಿ, ಉತ್ತರ ಬರುತ್ತದೆಯೇ ನೋಡಿ. ಪಿಂಗ್ ಮಾಡುವ ಆಪ್‌ಗಳು ಬೇಕಾದಷ್ಟಿವೆ. ಅಂಕಿಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ಕೆಟ್ಟಿರುವುದು ಡಿಎನ್‌ಎಸ್. ಫೋನಿನ ವೈ-ಫೈ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ ಅದೇ 1.1.1.1 ಕೊಟ್ಟರೆ ತಾತ್ಕಾಲಿಕವಾಗಿ ದಾರಿ ತೆರೆಯುತ್ತದೆ. ಅಂಕಿಗೂ ಉತ್ತರವಿಲ್ಲದಿದ್ದರೆ ನ್ಯಾಟ್ ನಡೆಯುತ್ತಿಲ್ಲ, ಅಥವಾ ತಪ್ಪು ಕನೆಕ್ಷನ್ ಹಂಚಲಾಗುತ್ತಿದೆ. ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಬರುತ್ತಿರುವುದು ಡಾಂಗಲ್‌ನಿಂದ, ಆಯ್ಕೆಯಾಗಿರುವುದು ಈಥರ್‌ನೆಟ್ ಎಂಬಂಥ ಎಡವಟ್ಟು ಇಲ್ಲಿ ಸಾಮಾನ್ಯ.

ಕೆಲವು ಸೈಟುಗಳು ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ ಎಂಬುದು ಎಲ್ಲಕ್ಕಿಂತ ಕಾಡುವ ಲಕ್ಷಣ. ಲ್ಯಾಪ್‌ಟಾಪ್‌ನಲ್ಲೇ ಯೂಸರ್‌ನೇಮ್ ಹಾಕಿ ಡಯಲ್ ಮಾಡುವ ಪಿಪಿಪಿಒಇ ಕನೆಕ್ಷನ್‌ಗಳಲ್ಲಿ, ವಿಪಿಎನ್‌ಗಳಲ್ಲಿ (ಸಂಚಾರವನ್ನು ಗೂಢಲಿಪಿಯಲ್ಲಿ ಬೇರೊಂದು ಸರ್ವರ್ ಮೂಲಕ ಹಾಯಿಸುವ ಸಂಪರ್ಕಗಳಲ್ಲಿ) ಇದು ಕಾಣಿಸುತ್ತದೆ. ಮಾಮೂಲಿ ಪ್ಯಾಕೆಟ್ಟಿನ ಗಾತ್ರ 1500 ಬೈಟ್. ಪಿಪಿಪಿಒಇ ತನ್ನ ಲೆಕ್ಕಕ್ಕೆ 8 ಬೈಟ್ ಇಟ್ಟುಕೊಳ್ಳುವುದರಿಂದ ಆ ದಾರಿಯಲ್ಲಿ ಹಿಡಿಸುವುದು 1492 ಮಾತ್ರ. ದೊಡ್ಡ ಪ್ಯಾಕೆಟ್ ಹಿಡಿಸದಿದ್ದಾಗ, ಚಿಕ್ಕದು ಮಾಡಿ ಕಳಿಸು ಎಂಬ ಸೂಚನೆ ಹಿಂದಕ್ಕೆ ಹೋಗಬೇಕು. ನಡುವಿನ ಯಾವುದೋ ಫೈರ್‌ವಾಲ್ ಆ ಸೂಚನೆಯನ್ನೇ ತಡೆದರೆ ಕಳಿಸಿದವರಿಗೆ ಸುದ್ದಿಯೇ ತಿಳಿಯುವುದಿಲ್ಲ. ಚಿಕ್ಕ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ಮಾಯ. ಸೇರಿದ ಸಾಧನ ಇನ್ನೊಂದು ಕಂಪ್ಯೂಟರ್ ಆಗಿದ್ದರೆ ಅದರ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಮೌಲ್ಯವನ್ನು 1400ಕ್ಕೆ ಇಳಿಸಿ ನೋಡಿ. ತಕ್ಷಣ ಸರಿಹೋದರೆ ರೋಗ ಇದೇ.

ಬಾಗಿಲು ತೆರೆದಾಗ ಒಳಗೆ ಬರುವವರು

ಹಾಟ್‌ಸ್ಪಾಟ್‌ಗೆ ಸೇರಿದ ಪ್ರತಿ ಸಾಧನವೂ ನಿಮ್ಮ ಲ್ಯಾಪ್‌ಟಾಪ್ ಇರುವ ಜಾಲದೊಳಗೇ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್‌ಗಳನ್ನು ಶೇರ್ ಮಾಡಿದ್ದರೆ ಅವರ ಕಣ್ಣಿಗೆ ಅವು ಬೀಳಬಹುದು. ಹೊರಗಿನ ಇಂಟರ್ನೆಟ್‌ಗಾದರೋ, ನ್ಯಾಟ್ ದೆಸೆಯಿಂದ, ಅವರು ಮಾಡಿದ್ದೆಲ್ಲ ನಿಮ್ಮ ವಿಳಾಸದಿಂದಲೇ ಬಂದಂತೆ ಕಾಣುತ್ತದೆ. ಹಾಗಾಗಿ ಪಾಸ್‌ವರ್ಡ್ ವಿಷಯದಲ್ಲಿ ಉದಾಸೀನ ಮಾಡಬೇಡಿ. ವೈ-ಫೈ ಪಾಸ್‌ವರ್ಡ್ ಕನಿಷ್ಠ 8, ಗರಿಷ್ಠ 63 ಅಕ್ಷರಗಳಿರಬಹುದು. 8 ಅಂಕಿಗಳ ಪಾಸ್‌ವರ್ಡನ್ನು ಕಂಪ್ಯೂಟರ್ ಬಹು ಬೇಗ ಊಹಿಸಬಲ್ಲದು. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ಹೇಳಿಕೊಡುವುದೂ ಸುಲಭ, ಒಡೆಯುವುದೂ ಕಷ್ಟ.

ಡಬ್ಲ್ಯುಪಿಎ2 ಎಂಬ ವೈ-ಫೈ ಭದ್ರತೆಯಲ್ಲಿ ಬೀಗದ ಕೀಲಿ ತಯಾರಾಗುವುದು ಪಾಸ್‌ವರ್ಡ್ ಮತ್ತು ಜಾಲದ ಹೆಸರು ಎರಡನ್ನೂ ಬೆರೆಸಿ. ಎಲ್ಲರೂ ಇಡುವ ಹೆಸರುಗಳಿಗೆ ಮೊದಲೇ ಲೆಕ್ಕಹಾಕಿಟ್ಟ ಕೀಲಿ ಪಟ್ಟಿಗಳು ಇರುತ್ತವೆ. ಆದ್ದರಿಂದ ಹೆಸರನ್ನೂ ನಿಮ್ಮದೇ ಆಗಿಸಿಕೊಳ್ಳಿ. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ: ಡಬ್ಲ್ಯುಪಿಎ2 ಜಾಲದಲ್ಲಿ ಪಾಸ್‌ವರ್ಡ್ ಗೊತ್ತಿರುವವರು ಅದೇ ಜಾಲದ ಬೇರೆಯವರ ಸಂಪರ್ಕ ಶುರುವಾಗುವ ಕ್ಷಣವನ್ನು ಹಿಡಿದಿಟ್ಟುಕೊಂಡರೆ ಅವರ ವೈ-ಫೈ ಸಂಚಾರವನ್ನು ಬಿಡಿಸಿ ಓದಬಹುದು. ಎಚ್‌ಟಿಟಿಪಿಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಇರುವ ಸೈಟುಗಳ ಒಳಗಿನ ಮಾತು ಆಗಲೂ ಗುಟ್ಟಾಗಿಯೇ ಉಳಿಯುತ್ತದೆ. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ಕೊರತೆಯನ್ನು ನೀಗಿದೆ. ನಿಮ್ಮ ಸಾಧನಗಳೆಲ್ಲ ಒಪ್ಪುವುದಾದರೆ ಅದನ್ನೇ ಆರಿಸಿ.

ಕಚೇರಿ, ಕಾಲೇಜುಗಳಲ್ಲಿ ಅನುಮತಿಯಿಲ್ಲದೆ ಹಾಟ್‌ಸ್ಪಾಟ್ ತೆರೆಯಬೇಡಿ. ಅಲ್ಲಿನ ಜಾಲ ನೋಡಿಕೊಳ್ಳುವವರಿಗೆ ಅದು ಕಾವಲಿಲ್ಲದ ಹಿಂಬಾಗಿಲು. ಅವರ ಆತಂಕ ನ್ಯಾಯವಾದದ್ದೇ.

ಎಲ್ಲಿಯವರೆಗೆ ನಡೆಯುತ್ತದೆ?

ಮನೆಯ ರೌಟರ್ ಆಗಲೇ ಒಮ್ಮೆ ನ್ಯಾಟ್ ಮಾಡುತ್ತಿರುತ್ತದೆ, ಲ್ಯಾಪ್‌ಟಾಪ್ ಅದರ ಹಿಂದೆ ಇನ್ನೊಮ್ಮೆ ಮಾಡುತ್ತದೆ. ಬ್ರೌಸಿಂಗ್, ವಿಡಿಯೋ, ಕರೆಗಳಿಗೆ ಇದರಿಂದ ತೊಂದರೆಯಾಗುವುದು ಅಪರೂಪ, ಏಕೆಂದರೆ ಅವೆಲ್ಲ ಒಳಗಿನಿಂದ ಹೊರಗೆ ಶುರುವಾಗುತ್ತವೆ, ಕೋಷ್ಟಕದಲ್ಲಿ ಸಾಲು ತಾನಾಗಿ ಬೀಳುತ್ತದೆ. ಹೊರಗಿನಿಂದ ಮೊದಲು ಮಾತು ಬರಬೇಕಾದಲ್ಲಿ, ಗೇಮ್ ಸರ್ವರ್, ಮನೆಯ ಕ್ಯಾಮೆರಾಗಳಂಥವಕ್ಕೆ, ಯಾವ ಸಾಲೂ ಇಲ್ಲದ್ದರಿಂದ ಪ್ಯಾಕೆಟ್ ಬಾಗಿಲಲ್ಲೇ ಬೀಳುತ್ತದೆ. ಮನೆಯೊಳಗೂ ಇದೇ ಕಥೆ: ರೌಟರ್‌ಗೆ ಸೇರಿದ ಟಿವಿಗೆ, ಹಾಟ್‌ಸ್ಪಾಟ್‌ಗೆ ಸೇರಿದ ಫೋನಿನಿಂದ ವಿಡಿಯೋ ಎಸೆಯಲು ಹೋದರೆ ಟಿವಿ ಪಟ್ಟಿಯಲ್ಲೇ ಕಾಣುವುದಿಲ್ಲ. ಎರಡೂ ಬೇರೆಬೇರೆ ಜಾಲಗಳಲ್ಲಿವೆ.

ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಹಾಕಿಕೊಂಡರೆ ಹಾಟ್‌ಸ್ಪಾಟ್‌ನ ಫೋನಿಗೂ ಅದರ ರಕ್ಷಣೆ ಸಿಕ್ಕಿತು ಎಂದು ನಂಬಬೇಡಿ. ಹಂಚಲಾಗುತ್ತಿರುವುದು ನೀವು ಆರಿಸಿದ ಅಡಾಪ್ಟರ್. ವಿಪಿಎನ್ ಇನ್ನೊಂದು ಅಡಾಪ್ಟರ್. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ವಿಪಿಎನ್ ಅಡಾಪ್ಟರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಟ್ಯಾಬ್ ತೆರೆದು, ಹಾಟ್‌ಸ್ಪಾಟ್‌ನ ವರ್ಚುವಲ್ ಅಡಾಪ್ಟರ್‌ಗೆ ಅದನ್ನು ಹಂಚಬೇಕು. ಹಂಚಿದ ಮೇಲೆ ಫೋನಿನಲ್ಲಿ ನಿಮ್ಮ ಐಪಿ ತೋರಿಸುವ ಯಾವುದಾದರೂ ಸೈಟ್ ತೆರೆದು, ಲ್ಯಾಪ್‌ಟಾಪ್‌ನಲ್ಲಿ ಕಾಣುವ ವಿಳಾಸವೇ ಅಲ್ಲೂ ಕಾಣುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಇನ್ನು, ಪ್ರತಿ ಪ್ಯಾಕೆಟ್ಟಿನಲ್ಲೂ ಟಿಟಿಎಲ್ ಎಂಬ ಅಂಕಿ ಇರುತ್ತದೆ. ಪ್ಯಾಕೆಟ್ ಒಂದು ರೌಟರ್ ದಾಟಿದಂತೆಲ್ಲ ಅದು ಒಂದೊಂದೇ ಕಡಿಮೆಯಾಗುತ್ತದೆ. ಫೋನ್ 64 ಎಂದು ಕಳಿಸಿದ್ದು ಲ್ಯಾಪ್‌ಟಾಪ್ ದಾಟಿದಾಗ 63 ಆಗಿರುತ್ತದೆ. ಕನೆಕ್ಷನ್ ಹಂಚಲಾಗುತ್ತಿದೆ ಎಂದು ಸೇವೆ ಕೊಡುವವರು ಕಂಡುಹಿಡಿಯುವ ದಾರಿಗಳಲ್ಲಿ ಇದೂ ಒಂದು. ನಿಮ್ಮ ಪ್ಲಾನ್‌ನಲ್ಲಿ ಹಂಚಿಕೆಗೆ ಬೇರೆ ಮಿತಿ ಇದೆಯೇ ಎಂದು ಮೊದಲೇ ಓದಿಕೊಂಡಿರುವುದು ಒಳ್ಳೆಯದು.

ಲ್ಯಾಪ್‌ಟಾಪ್ ನಿದ್ದೆಗೆ ಜಾರಿದರೆ ನಾಲ್ಕೂ ಕೆಲಸಗಳು ಒಮ್ಮೆಗೇ ನಿಲ್ಲುತ್ತವೆ. ರಾತ್ರಿಯಿಡೀ ಏನಾದರೂ ಡೌನ್‌ಲೋಡ್ ಆಗಬೇಕಿದ್ದರೆ ಚಾರ್ಜರ್ ಸಿಕ್ಕಿಸಿ, ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಸಮಯವನ್ನು ‘ನೆವರ್’ ಮಾಡಿ, ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂಬುದನ್ನೂ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಯಾರೂ ಸೇರದಿದ್ದರೆ ಹಾಟ್‌ಸ್ಪಾಟ್ ತಾನಾಗಿ ಆಫ್ ಆಗುವ ‘ಪವರ್ ಸೇವಿಂಗ್’ ಆಯ್ಕೆ ಇದೆ; ಮನೆಯ ಸಾಧನಗಳು ಬಂದುಹೋಗುತ್ತಿದ್ದರೆ ಅದನ್ನು ತೆಗೆದಿಡಿ. ಹೀಗೆ ವಾರಗಟ್ಟಲೆ ನಡೆಸಬೇಕಾಗಿ ಬಂದರೆ ಒಂದು ಸಣ್ಣ ರೌಟರ್ ತಂದು ಆ ಕೇಬಲ್ಲನ್ನು ಅದಕ್ಕೇ ಸಿಕ್ಕಿಸಿ. ಕರೆಂಟೂ ಕಡಿಮೆ ಸಾಕು, ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೊರಗೆ ಹೋದರೆ ಮನೆಯವರ ಇಂಟರ್ನೆಟ್ ನಿಲ್ಲುವುದಿಲ್ಲ.